ಪೇಪರಿನಲ್ಲಿ ಶಾಂತ, ಕಂಪ್ಯೂಟರಿನಲ್ಲಿ ಸಿಡುಕಿ

"ಇವೆರಡರಲ್ಲಿ ನೀವು ಯಾರಮ್ಮಾ?" ಎಂದು ಎಚ್ಆರ್ ಮೇಡಂ ಕೇಳಿದರು.

ಹಿರೇಹಳ್ಳಿಯ ಮಸಾಲೆಪುಡಿ ಫ್ಯಾಕ್ಟರಿಯಲ್ಲಿ ನಾನು ಪ್ಯಾಕಿಂಗ್ ಕೆಲಸಕ್ಕಿದ್ದೇನೆ, ಕಾಂಟ್ರಾಕ್ಟ್ ಮೇಲೆ. ಈ ಸಲ ನಮ್ಮಲ್ಲಿ ಒಬ್ಬರನ್ನು ಲೈನ್ ಲೀಡರ್ ಮಾಡಿ ಪರ್ಮನೆಂಟ್ ಮಾಡುತ್ತಾರೆ. ಅದಕ್ಕೆ ನಮ್ಮ ಸ್ವಭಾವ ಎಂಥದು ಅಂತ ತಿಳಿಯುವ ಟೆಸ್ಟ್.

ಮೊದಲು ಪೇಪರಿನಲ್ಲಿ ಕೊಟ್ಟರು. ಊಟದ ಹೊತ್ತಿನಲ್ಲಿ ಎಲ್ಲರೂ ಗುಂಪಾಗಿ ಕೂತು ತುಂಬಿದೆವು. ಒಬ್ಬಳು ಪ್ರಶ್ನೆ ಓದುವುದು, ಮಿಕ್ಕವರು ಉತ್ತರ ಹೇಳುವುದು.

ನಮ್ಮ ಕಡೆ ಹಾಗೇ ಅಲ್ಲವೇ... ತನ್ನ ಬಗ್ಗೆ ತಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ.

ಬೇಗ ಕೋಪ ಬರುತ್ತದೆಯೇ ಎಂಬ ಪ್ರಶ್ನೆಗೆ ಗುಬ್ಬಿಯಿಂದ ಬರುವ ಪುಟ್ಟಮ್ಮ, "ಇವ್ಳಿಗಾ? ಬೈದೋರ್ಗೂ ವಿಭೂತಿ ಕೊಟ್ ಕಳ್ಸೋಳು. ಇಲ್ಲ ಅಂತ ಹಾಕು ಬುಡೇ" ಎಂದಳು. ಹಾಕಿದೆ.

ಆಮೇಲೆ ಅದೇ ಪ್ರಶ್ನೆಗಳನ್ನು ಕಂಪ್ಯೂಟರಿನಲ್ಲೂ ಮಾಡಿಸಿದರು. ಎರಡರಲ್ಲೂ ಒಂದೇ ಉತ್ತರ ಬರುತ್ತದಾ ಅಂತ ನೋಡುವುದಕ್ಕಂತೆ. ಒಬ್ಬೊಬ್ಬರನ್ನೇ ಎಸಿ ರೂಮಿನಲ್ಲಿ ಕೂರಿಸಿ ಬಾಗಿಲು ಹಾಕಿಕೊಂಡು ಹೋದರು.

ಒಂದು ಪ್ರಶ್ನೆಗೆ ಉತ್ತರ ಒತ್ತದಿದ್ದರೆ ಇನ್ನೊಂದು ಬರುವುದಿಲ್ಲ. ಯಾರನ್ನು ಕೇಳಲಿ? ಯಡಿಯೂರು ಸಿದ್ಧಲಿಂಗೇಶ್ವರನನ್ನು ನೆನೆದುಕೊಂಡು ಕೂತಿದ್ದೇನೆ, ಕೋಪದ ಪ್ರಶ್ನೆ ಬಂತು.

ನನಗೆ ಕೋಪ ಬರುತ್ತದೆ. ಬಾಯಿ ಬಿಡುವುದಿಲ್ಲ ಅಷ್ಟೇ, ಒಳಗೆ ಕುದಿಯುವುದು ಆ ದೇವರಿಗೆ ಗೊತ್ತು. ಹೌದು ಎಂದು ಒತ್ತಿದೆ. ಹಾಗೇ ಇನ್ನೂ ಎಷ್ಟೋ...

ಈಗ ಎರಡೂ ಮೇಡಂ ಮುಂದಿದ್ದವು. ಒಂದಕ್ಕೊಂದು ಹೊಂದುತ್ತಲೇ ಇಲ್ಲ. "ಮೇಲಕ್ಕೆ ಒಂದನ್ನೇ ಕಳಿಸ್ಬೇಕು. ಯಾವುದು ಅಂತ ನೀವೇ ಹೇಳಿ" ಎಂದರು.

ಪೇಪರು ಅಂದುಬಿಟ್ಟರೆ ಲೀಡರ್ ಕೆಲಸ ಸಿಕ್ಕಂತೆಯೇ. ಅದು ಸುಳ್ಳೂ ಅಲ್ಲ, ಜೊತೆಯವರು ಕಂಡದ್ದು. ಆದರೆ ಆ ರೂಮಿನಲ್ಲಿ ದೇವರನ್ನು ನೆನೆದು ಒತ್ತಿದ್ದನ್ನು ಈಗ ಅಲ್ಲ ಅಂತ ಹೇಗೆ ಹೇಳಲಿ?

"ಕಂಪ್ಯೂಟರ್ದೇ ಕಳ್ಸಿ ಮೇಡಂ" ಎಂದೆ.

ಹೊರಗೆ ಪುಟ್ಟಮ್ಮ ಕೇಳಿ ತಲೆ ಚಚ್ಚಿಕೊಂಡಳು. "ಇಷ್ಟು ವರ್ಷ ಜೊತೇಲಿ ದುಡಿದೋರು ನಾವು. ನೀನು ಎಂಥೋಳು ಅಂತ ಆ ಪೆಟ್ಗೆಗೇನ್ ಗೊತ್ತು, ಪೆದ್ದಿ?"

ಲೀಡರ್ ಯಾರು ಅಂತ ನಾಳೆ ಹೇಳುತ್ತಾರಂತೆ.

ನೀವೇ ಹೇಳಿ, ನಾವು ಎಂಥವರು ಅನ್ನುವುದು ನಮಗೆ ಹೆಚ್ಚು ಗೊತ್ತಾ, ನಮ್ಮನ್ನು ದಿನಾ ನೋಡುವವರಿಗಾ?