ಪೋರ್ಚುಗೀಸ್ ಕಾರ್ನಿಸಿನ ಕೆಳಗೆ

ಬೆಳಿಗ್ಗೆ ಎಂದಿನಂತೆ ನೀರುದೋಸೆ ಹೊಯ್ದಿಟ್ಟು, ದುಬೈನ ಅಲ್ ಬರ್ಷಾದಲ್ಲಿರುವ ತಂಗಿ ಸುಮಾಳ ಜತೆ ಅಬುಧಾಬಿಯ ಖಲೀಫಾ ಸಿಟಿಗೆ ನನಗೆಂದು ಬಾಡಿಗೆ ವಿಲ್ಲಾ ನೋಡಲು ಹೋದೆ. "ನೀನು ಹೂಂ ಅಂದ್ರೆ ಇದೇ ಫಿಕ್ಸ್" ಎಂದಿದ್ದಳು.

ಬಾಗಿಲ ಸುತ್ತ ಹಳೇ ಪೋರ್ಚುಗೀಸ್ ಕಟ್ಟಡಗಳಂತೆ ಕಲ್ಲಿನಲ್ಲಿ ಕೆತ್ತಿದಂತಿದ್ದ ಹಗ್ಗ, ಚಿಪ್ಪುಗಳ ಅಲಂಕಾರ. ಮೇಲೆ ಗೋಡೆಯಂಚಿಗೆ ಎಲೆಬಳ್ಳಿಯ ಕಾರ್ನಿಸ್. ಮಂಗಳೂರಿನ ನಮ್ಮ ಕಾನ್ವೆಂಟಿನ ಚಾಪೆಲೇ ಎದುರು ನಿಂತಂತಾಗಿ, ಅರಿವಿಲ್ಲದೆ ತಲೆಗೆ ಸೆರಗು ಹೊದ್ದು ಪಿಸುದನಿಯಲ್ಲಿ ಮಾತಾಡತೊಡಗಿದೆ.

"ಅಕ್ಕ, ಇದು ಇಗರ್ಜಿ ಅಲ್ಲ ಮಾರಾಯ್ತಿ!" ಸುಮಾ ನಕ್ಕಳು.

ಹಗ್ಗವನ್ನು ತಟ್ಟಿ ನೋಡಿದೆ. ಕಲ್ಲಲ್ಲ, ಬಣ್ಣ ಬಳಿದ ಥರ್ಮಾಕೋಲ್. ಆದರೂ ನನ್ನ ದನಿ ಏರಲಿಲ್ಲ. ಚಾಪೆಲಿನಂಥ ಈ ಮನೆಯೊಳಗೆ ಬಂಗುಡೆ ಹುರಿಯುವುದು ಹೇಗೆ? ನಾಳೆ ಹೇಳ್ತೇನೆ ಎಂದು ಬಾಗಿಲಿನ ಫೋಟೊ ತೆಗೆದುಕೊಂಡು ಬಂದೆ.

ಸಂಜೆ ಪಕ್ಕದ ಫ್ಲ್ಯಾಟಿನ ಉಡುಪಿಯ ಶಾಲಿನಿ ಫೋಟೊ ನೋಡಿ ಅಂದರು: "ನಮ್ಮ ನಾದಿನಿಯ ಮನೆಯೂ ಹೀಗೇ. ಸುರುವಿಗೆ ಅವಳೂ ಮೆಲ್ಲ ಮಾತಾಡ್ತಿದ್ಲು. ಒಂದು ದಿನ ಮೀನು ಹುರಿದ್ಲು, ಸರಿಯಾಯ್ತು."