ಗೂಟದ ಮೇಲಿನ ಡಬ್ಬ

ನಲ್ಲೂರಿನಲ್ಲಿ ಲಾಲ್‌ಸಾಬನ ಜೊತೆ ನೆಟ್ಟಗೆ ಮಾತಾಡಿದವರು ಕಡಿಮೆ. ಅವನೂ ಯಾರ ಜೊತೆಗೂ ನೆಟ್ಟಗೆ ಮಾತಾಡಿದವನಲ್ಲ. ಅಡಿಕೆ ತೋಟಗಳಿಗೆ ಕಳೆ ಔಷಧಿ ಹೊಡೆಯುವುದು ಅವನ ಕಸುಬು. ಬೆನ್ನಿಗೆ ಪಂಪು ಏರಿಸಿಕೊಂಡು ಅವನು ಬೀದಿಯಲ್ಲಿ ಬಂದನೆಂದರೆ ಹೋಟೆಲಿನ ಬೆಂಚಿನ ಮೇಲೆ ಕೂತವರು ಮೂಗು ಮುಚ್ಚಿಕೊಂಡು ಆಚೆ ಸರಿಯುತ್ತಿದ್ದರು. ಹಾಗೆ ಸರಿದವರಲ್ಲಿ ಅರ್ಧ ಜನ ಹಿಂದಿನ ವಾರವಷ್ಟೇ ಅವನನ್ನು ಮನೆತನಕ ಬಂದು ಕರೆದು ತಮ್ಮ ತೋಟಕ್ಕೆ ಔಷಧಿ ಹೊಡೆಸಿದ್ದವರು. ಇದು ನಿಮ್ಮ ತೋಟದ್ದೇ ವಾಸನೆ, ಚೆನ್ನಾಗಿ ಮೂಸಿ ಎಂದು ಅವನು ಗೊಣಗುತ್ತ ಚಹಾ ಕುಡಿದು ಹೋಗುತ್ತಿದ್ದ.

ಅವನಪ್ಪ ಊರೂರು ತಿರುಗಿ ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನು. ಸ್ಟೀಲು ಬಂತು, ಆ ಕಸುಬು ಹೋಯಿತು. ಲಾಲ್‌ಸಾಬ ಅಡಿಕೆ ಸುಲಿದ, ಬೇಯಿಸುವ ಹಂಡೆಗೆ ಸೌದೆ ತುರುಕಿದ, ಲಾರಿಗೆ ಮೂಟೆ ಹೊತ್ತ. ಅಷ್ಟರಲ್ಲಿ ಕಳೆ ಕೀಳುವ ಹೆಂಗಸರಿಗೆ ಕೂಲಿ ಕೊಡಲು ಕೈ ಬಾರದ ತೋಟದವರು ಅಂಗಡಿಯಿಂದ ಔಷಧಿ ಡಬ್ಬ ತಂದರು. ತರುವುದಕ್ಕೇನೋ ತಂದರು, ಅದನ್ನು ಹೊಡೆಯುವುದಕ್ಕೆ ಯಾವ ಮಗನೂ ಮುಂದೆ ಬರಲಿಲ್ಲ. ಲಾಲ್‌ಸಾಬ ಬಂದ.

ಆಮೇಲೆ ಅವನ ಹೆಂಡತಿ ರಹಮತ್‌ಬೀ ಕೆಲಸದ ಬಟ್ಟೆಯಲ್ಲಿ ಅವನನ್ನು ಹೊಸ್ತಿಲು ದಾಟಲು ಬಿಟ್ಟವಳಲ್ಲ. ಅಂಗಳದ ಮೂಲೆಯಲ್ಲಿ ಪಂಪು ತೊಳೆದು, ಅಲ್ಲೇ ನಿಂತು ಮೈಮೇಲೆ ನೀರು ಸುರಿದುಕೊಂಡು, ಬೇರೆ ಲುಂಗಿ ಸುತ್ತಿಕೊಂಡ ಮೇಲೆಯೇ ಊಟ. ಒಂದು ಸಲ ಅವಳು ಅದೇ ಮೂಲೆಯಲ್ಲಿ ಪುದೀನ ಹಾಕಿದ್ದಳು. ಅದು ಸುಟ್ಟುಹೋಯಿತು. ಆಮೇಲೆ ಅಲ್ಲಿ ಗರಿಕೆ ಕೂಡ ತಲೆ ಎತ್ತಲಿಲ್ಲ.

ಮಣ್ಣಿಗೆ ಏನಾಗುತ್ತಿದೆ ಎಂದು ಲಾಲ್‌ಸಾಬನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ದಿನಾ ತುಳಿಯುವ ಕಾಲು ಅವನದೇ. ಮೊದಲೆಲ್ಲ ತೋಟದೊಳಗೆ ಹೆಜ್ಜೆ ಹೂತುಹೋಗುತ್ತಿತ್ತು, ಹಿಡಿ ಮಣ್ಣು ಎತ್ತಿದರೆ ಎರೆಹುಳ ಬರುತ್ತಿದ್ದವು. ಈಗ ನೆಲ ಸಿಮೆಂಟಿನ ಹಾಗೆ ಗಟ್ಟಿಯಾಗಿ, ಮೇಲೆ ಹಸಿರು ಪಾಚಿ ಕಟ್ಟಿಕೊಂಡು ಜಾರುತ್ತಿತ್ತು. ಮಳೆ ಬಂದರೆ ನೀರು ಇಂಗುವುದಿಲ್ಲ, ಔಷಧಿಯನ್ನೂ ಗೊಬ್ಬರವನ್ನೂ ತೊಳೆದುಕೊಂಡು ಕಾಲುವೆಗೆ, ಅಲ್ಲಿಂದ ಕೆರೆಗೆ. ಕೊಯ್ಲು ಮುಗಿದ ಮೇಲೆ ರಸ್ತೆ ಬದಿಗೆ ಸುರಿದ ಅಡಿಕೆ ಸಿಪ್ಪೆಗೆ ಬೆಂಕಿ ಕೊಡುವವರೂ ಇದೇ ಜನ. ಆ ಹೊಗೆ ಊರನ್ನು ವಾರಗಟ್ಟಲೆ ಕೆಮ್ಮಿಸುತ್ತಿತ್ತು. ಹೀಗೆ ನೆಲ, ನೀರು, ಗಾಳಿ ಮೂರನ್ನೂ ಹಾಳುಮಾಡಿದವರು ಸಂಜೆ ಕಟ್ಟೆಯ ಮೇಲೆ ಕೂತು, ಕಾಲ ಕೆಟ್ಟುಹೋಯಿತು ಎನ್ನುತ್ತಿದ್ದರು. ಕಾಲ ಏನು ಪಂಪು ಹೊತ್ತುಕೊಂಡು ಬಂದಿತ್ತೇ?

ಬರೀ ಔಷಧಿ ಸಾಲದು ಎಂದು ಡ್ರಮ್ಮಿಗೆ ಉಪ್ಪನ್ನೂ ಯೂರಿಯಾವನ್ನೂ ಕಲಸುವ ರೂಢಿ ಬೇರೆ ಇತ್ತು. ಕಳೆ ಬೇಗ ಸಾಯುತ್ತದೆ ಎಂದು ಯಾರೋ ಹೇಳಿದ್ದರು, ಎಲ್ಲರೂ ಕಲಸಿದರು, ಲಾಲ್‌ಸಾಬನೂ ಕಲಸಿದ. ಆದರೆ ಉಪ್ಪಿನ ರುಚಿ ದನಗಳಿಗೆ ಗೊತ್ತು. ಔಷಧಿ ಬಿದ್ದ ಹುಲ್ಲು ಒಂದೆರಡು ದಿನದಲ್ಲಿ ಒಣಗುವುದಿಲ್ಲ, ವಾರದವರೆಗೆ ಹಚ್ಚಗೇ ನಿಂತಿರುತ್ತದೆ. ತೋಟಗಳ ಹುಲ್ಲನ್ನು ಕೊಯ್ದು ದನ ಸಾಕುವ ಹೆಂಗಸರಿಗೆ ಯಾವುದು ಒಳ್ಳೆಯದು, ಯಾವುದು ವಿಷ ಎಂದು ನೋಡಿ ತಿಳಿಯುವಂತಿರಲಿಲ್ಲ.

ಶುರುವಿನ ವರ್ಷಗಳಲ್ಲೇ ಯಾರದೋ ಮೇಕೆ ಬಾಯಲ್ಲಿ ನೊರೆ ಬಂದು ಬಿದ್ದು, ಬದುಕಿತೋ ಇಲ್ಲವೋ ಎನ್ನುವಂತಾಗಿ, ದೊಡ್ಡ ಜಗಳವಾಗಿತ್ತು. ಆ ಜಗಳದಲ್ಲಿ ಎಲ್ಲರನ್ನೂ ಬೈದು ಗಂಟಲು ಒಣಗಿದ ಮೇಲೆ ಲಾಲ್‌ಸಾಬನೇ ಒಂದು ಕಟ್ಟಲೆ ಮಾಡಿದ. ಔಷಧಿ ಹೊಡೆದ ತೋಟದ ಬಾಯಲ್ಲಿ ಒಂದು ಗೂಟ ನೆಟ್ಟು, ಖಾಲಿಯಾದ ಡಬ್ಬವನ್ನು ಅದಕ್ಕೆ ತಲೆಕೆಳಗಾಗಿ ಸಿಕ್ಕಿಸುವುದು. ಹೊಸ ಹುಲ್ಲು ಹುಟ್ಟುವವರೆಗೆ ಯಾರೂ ಅದನ್ನು ಇಳಿಸಬಾರದು. ತೋಟದ ಯಜಮಾನನೂ ಇಳಿಸಬಾರದು. ಅಂದಿನಿಂದ ಹೆಂಗಸರು ದೂರದಿಂದಲೇ ಡಬ್ಬ ನೋಡಿ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಬೇರೆ ತೋಟಕ್ಕೆ ತಿರುಗುತ್ತಿದ್ದರು. ಲಾಲ್‌ಸಾಬನ ಮಾತನ್ನು ಊರಲ್ಲಿ ಯಾರೂ ನಂಬುತ್ತಿರಲಿಲ್ಲ, ಅವನ ಡಬ್ಬವನ್ನು ಎಲ್ಲರೂ ನಂಬುತ್ತಿದ್ದರು. ಬಾಯಿಬಿಟ್ಟು ಹೇಳದಿದ್ದರೂ ಅವನಿಗೆ ಅದೊಂದೇ ಮರ್ಯಾದೆ. ಅದಕ್ಕಾಗಿ ಅವನು ಜೀವ ಬಿಡುತ್ತಿದ್ದ.

ರಸ್ತೆಗೆ ತಾಗಿದ ದೊಡ್ಡ ತೋಟ ಮಹೇಶ್ವರಪ್ಪನದು. ಗೇಟಿನ ಮೇಲೆ ‘ವಿಷಮುಕ್ತ ಸಾವಯವ ತೋಟ’ ಎಂದು ಹಸಿರು ಬೋರ್ಡು. ಬೋರ್ಡಿಗೆ ಕಾಣುವಷ್ಟು ಮುಂದಿನ ಭಾಗಕ್ಕೆ ಸಗಣಿ ಗೊಬ್ಬರ, ಬೋರ್ಡಿಗೆ ಕಾಣದ ಹಿಂದಿನ ಭಾಗಕ್ಕೆ ಲಾಲ್‌ಸಾಬ. ಒಮ್ಮೆ ಜಗಳೂರಿನಿಂದ ಒಂದು ಬಸ್ಸಿನ ತುಂಬ ರೈತರು ತೋಟ ನೋಡಲು ಬರುವವರಿದ್ದರು. ಹಿಂದಿನ ಭಾಗದಲ್ಲಿ ಕಳೆ ಮೊಣಕಾಲು ಮುಟ್ಟಿತ್ತು, ಮಳೆ ಹಿಡಿದುಕೊಂಡರೆ ಔಷಧಿ ಹೊಡೆಯಲು ಆಗುವಂತಿರಲಿಲ್ಲ. ಒಣಗುವುದೇನಿದ್ದರೂ ಆ ರೈತರು ಬಂದು ಹೋದ ಮೇಲೆ ಎಂದು ಮಹೇಶ್ವರಪ್ಪ ಲೆಕ್ಕ ಹಾಕಿ, ಹಿಂದಿನ ದಿನ ಬೆಳಗ್ಗೆಯೇ ಲಾಲ್‌ಸಾಬನನ್ನು ಕರೆಸಿದ. ಲಾಲ್‌ಸಾಬ ಹೊಡೆದ. ಡ್ರಮ್ಮಿನ ತಳದಲ್ಲಿ ಕರಗದೆ ಉಳಿದ ಉಪ್ಪು ಯೂರಿಯಾದ ಗಸಿಯನ್ನು ಎಂದಿನಂತೆ ಬದುವಿನ ಹುಲ್ಲಿನ ಮೇಲೆ ಚೆಲ್ಲಿದ. ಹಿಂದಿನ ದಾರಿಯ ಬಾಯಲ್ಲಿ ಗೂಟ ನೆಟ್ಟು, ಡಬ್ಬ ಸಿಕ್ಕಿಸಿ ಮನೆಗೆ ಹೋದ.

ಮಾರನೆಯ ದಿನ ಜಗಳೂರಿನವರು ಬಂದರು. ಬಯಲುಸೀಮೆಯಲ್ಲಿ ನೀರಿಗೆ ಬಾಯಿಬಿಟ್ಟು ಕೂತವರಿಗೆ ಆ ಹಸಿರು ಕಂಡು ಕಣ್ಣು ತುಂಬಿರಬೇಕು. ಮಹೇಶ್ವರಪ್ಪ ಹಿಂದಿನ ಭಾಗವನ್ನೂ ತೋರಿಸಿ, ಕಳೆಯನ್ನು ನಾವು ಕೊಲ್ಲುವುದಿಲ್ಲ, ಅದೂ ಭೂಮಿತಾಯಿಯ ಹೊದಿಕೆ ಎಂದು ಭಾಷಣ ಬಿಗಿದ. ಅವರಲ್ಲೊಬ್ಬ ಮುದುಕ ನೆಲ ಕೆದಕಿ, ಎರೆಹುಳ ಒಂದೂ ಕಾಣದಲ್ಲ ಎಂದು ಕೇಳಿದ. ಬಿಸಿಲಿಗೆ ಕೆಳಗೆ ಇಳಿದಿವೆ ಎಂದು ಮಹೇಶ್ವರಪ್ಪ ಕಣ್ಣು ಮಿಟುಕಿಸದೆ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿ, ಪಲಾವ್ ತಿಂದು ಬಸ್ಸು ಹತ್ತಿದರು.

ಅವರು ಬರುವ ಮೊದಲೇ ಮಹೇಶ್ವರಪ್ಪ ಆಳಿನ ಕೈಲಿ ಗೂಟವನ್ನು ಕೀಳಿಸಿ, ಡಬ್ಬವನ್ನು ಕಾಲುವೆಗೆ ಎಸೆಸಿದ್ದ. ಸಾವಯವ ತೋಟದ ಬಾಯಲ್ಲಿ ವಿಷದ ಡಬ್ಬ ನೇತಾಡಿದರೆ ಬೋರ್ಡಿನ ಮಾನ ಉಳಿಯುವುದು ಹೇಗೆ?

ಅದೇ ಮಧ್ಯಾಹ್ನ ಪ್ರೇಮಮ್ಮ ಹುಲ್ಲಿಗೆ ಬಂದಳು. ಒಂದು ಜರ್ಸಿ ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕಿ ಮನೆ ನಡೆಸುವವಳು. ದಾರಿಯ ಬಾಯಲ್ಲಿ ನಿಂತು ಆಚೀಚೆ ನೋಡಿದಳು, ಡಬ್ಬ ಇಲ್ಲ. ಬದುವಿನ ಮೇಲೆ ಸೊಂಪಾಗಿ ಬೆಳೆದಿದ್ದನ್ನೇ ಕೊಯ್ದು ಹೊರೆ ಕಟ್ಟಿದಳು. ಹಸು ಎಂದೂ ತಿನ್ನದಷ್ಟು ಆಸೆಯಿಂದ ತಿಂದಿತು. ಹೊತ್ತು ಇಳಿಯುವಷ್ಟರಲ್ಲಿ ಹೊಟ್ಟೆ ಉಬ್ಬಿತು, ಕಾಲು ನಡುಗಿದವು, ಬಿದ್ದುಕೊಂಡಿತು. ಪಶುವೈದ್ಯರು ಬರುವಾಗ ಅದು ಕಣ್ಣು ತಿರುಗಿಸಿ ಪ್ರಾಣ ಬಿಟ್ಟಿತ್ತು. ಯೂರಿಯಾ ಹೋಗಿರಬೇಕು, ಗಟ್ಟಿಯಾಗಿ ಹೇಳಲು ಆಗುವುದಿಲ್ಲ ಎಂದು ಅವರು ಕೈ ತೊಳೆದುಕೊಂಡು ಹೋದರು.

ಪ್ರೇಮಮ್ಮ ಅತ್ತುಕೊಂಡು ಬರಲಿಲ್ಲ. ಲಾಲ್‌ಸಾಬನ ಅಂಗಳಕ್ಕೆ ಬಂದು ನಿಂತಳು. ಅವಳ ಹಿಂದೆ ಅರ್ಧ ಊರು.

“ಡಬ್ಬ ಇರ್ಲಿಲ್ಲ, ಲಾಲ್‌ಸಾಬಣ್ಣ” ಎಂದಳು.

ಸಿಕ್ಕಿಸಿಯೇ ಬಂದಿದ್ದೇನೆ ಎಂದು ಅವನು ಅಲ್ಲಾನ ಮೇಲೆ ಆಣೆ ಇಟ್ಟ. ಯಾರೂ ನಂಬಲಿಲ್ಲ. ವಯಸ್ಸಾಯಿತು, ಮರೆತಿದ್ದಾನೆ ಎಂದರು. ಕುಡಿದಿದ್ದ ಎಂದರು, ಅವನು ಕುಡಿಯುವವನಲ್ಲ ಎಂದು ಗೊತ್ತಿದ್ದವರೇ. ಗುಂಪು ಮಹೇಶ್ವರಪ್ಪನ ಮನೆಗೂ ಹೋಯಿತು. ನನ್ನ ತೋಟಕ್ಕೆ ಔಷಧಿಯೇ? ಬೋರ್ಡು ಓದಲು ಬರುವುದಿಲ್ಲವೇ, ಬೇರೆ ಯಾರದೋ ತೋಟದಲ್ಲಿ ಕೊಯ್ದು ನನ್ನ ಹೆಸರು ಹೇಳುತ್ತಾಳೆ ಎಂದು ಮಹೇಶ್ವರಪ್ಪ ಗದರಿ ಕಳಿಸಿದ.

ಮಾರನೆಯ ಬೆಳಗ್ಗೆ ಮಹೇಶ್ವರಪ್ಪ ಅವನನ್ನು ಅಡಿಕೆ ಒಣಗಿಸುವ ಕಣಕ್ಕೆ ಕರೆಸಿಕೊಂಡು ದನಿ ತಗ್ಗಿಸಿದ.

“ನೋಡು, ಬೇರೆ ತೋಟಕ್ಕೆ ಹೊಡ್ದಿದ್ದೆ, ಡಬ್ಬ ಇಡಾಕೆ ಮರ್ತೆ ಅಂತ ಹೇಳಿಬಿಡು. ಹಸೂಗೆ ಏನೋ ಒಂದು ಮಾಡಾನ. ನಂದೂ ನಮ್ಮ ಅಣ್ತಮ್ಮರದ್ದೂ ಎಲ್ಲಾ ತೋಟದ ಕೆಲ್ಸ ನಿಂಗೇ ಐತೆ.”

“ಗೌಡ್ರೆ, ಔಷಧಿ ಹೊಡಿ ಅಂದ್ರಿ, ಹೊಡ್ದೆ. ಸುಳ್ಳು ಹೇಳು ಅಂದ್ರೆ ಹೆಂಗೆ? ನಾನು ಡಬ್ಬ ಮರೆಯೋನಲ್ಲ. ಹುಲ್ಲೇ ಹೇಳ್ತೈತೆ, ತಡೀರಿ.”

ಲಾಲ್‌ಸಾಬ ಅಂದಿನಿಂದ ಪಂಪು ಮುಟ್ಟಲಿಲ್ಲ. ದಿನಾ ಬೆಳಗ್ಗೆ ಹೋಗಿ ಆ ತೋಟದ ಹಿಂದಿನ ದಾರಿಯಲ್ಲಿ ಒಂದು ಕಲ್ಲಿನ ಮೇಲೆ ಕೂತು ಹುಲ್ಲು ನೋಡುತ್ತಿದ್ದ. ಹೋಗಿ ಬರುವವರು ಅಣಕಿಸಿದರೆ ಅವರಿಗೂ ಬೈಗುಳ, ಬಾಯಿ ಮುಚ್ಚಿಕೊಂಡು ಹೋದರೆ ಅವರ ಬೆನ್ನಿಗೂ ಬೈಗುಳ. ಮಹೇಶ್ವರಪ್ಪ ಟ್ರಾಕ್ಟರ್ ತರಿಸಿ ಆ ಹುಲ್ಲನ್ನು ಉಳುಮೆ ಮಾಡಿಸಿಬಿಡಲು ನೋಡಿದ. ಮಳೆ ಬಿದ್ದು ನೆಲ ಜಾರುತ್ತಿತ್ತು, ಬಂದ ಟ್ರಾಕ್ಟರ್ ಅವನೇ ಗಟ್ಟಿಮಾಡಿಸಿದ್ದ ನೆಲದ ಪಾಚಿಯ ಮೇಲೆ ಜಾರಿ ಅಡಿಕೆ ಮರಕ್ಕೆ ಗುದ್ದಿ ನಿಂತಿತು. ಲಾಲ್‌ಸಾಬ ಎಷ್ಟೋ ವರ್ಷಗಳ ಮೇಲೆ ಅಂದು ಹೊಟ್ಟೆತುಂಬ ನಕ್ಕ.

ವಾರ ತುಂಬುವಷ್ಟರಲ್ಲಿ ಹುಲ್ಲು ಹೇಳಿತು. ಮೊದಲು ತುದಿ ಹಳದಿಯಾಯಿತು, ಆಮೇಲೆ ಬುಡದವರೆಗೆ ಕೆಂಪಗೆ ಸುಟ್ಟಿತು. ಲಾಲ್‌ಸಾಬ ಪಂಪು ಹೊತ್ತು ನಡೆದಾಡಿದ ಸಾಲುಗಳೆಲ್ಲ ಹಿಂದಿನ ದಾರಿಯಿಂದಲೇ ಕಾಣುವಂತೆ ಬಿದ್ದುಕೊಂಡಿದ್ದವು. ಊರು ಸಾಲುಗಟ್ಟಿ ಬಂದು ನೋಡಿತು. ವಿಷಮುಕ್ತದ ಬೋರ್ಡಿಗೆ ಯಾರೋ ಸಗಣಿ ಬಳಿದರು. ಗೂಟ ಕಿತ್ತ ಆಳೂ ಬಾಯಿಬಿಟ್ಟ. ಮಹೇಶ್ವರಪ್ಪ ಹೊನ್ನಾಳಿಯಲ್ಲಿದ್ದ ಬೀಗರ ಮನೆಗೆ ಹೋದವನು ಕೆಲವು ದಿನ ಇತ್ತ ತಲೆ ಹಾಕಲಿಲ್ಲ.

ಆಳು ಬಾಯಿಬಿಟ್ಟ ದಿನ ಲಾಲ್‌ಸಾಬ ಶುಭ್ರವಾದ ಅಂಗಿ ಹಾಕಿಕೊಂಡು ಪ್ರೇಮಮ್ಮನ ಮನೆಗೆ ಹೋದ. ಅವಳ ಖಾಲಿ ಕೊಟ್ಟಿಗೆಯ ಮುಂದೆ ನಿಂತು, ಈಗಲಾದರೂ ನಂಬಿದೆಯಾ ಎಂದು ಕೇಳಿದ. ಅವನಿಗೆ ಬೇಕಾಗಿದ್ದುದು ಅವಳ ಬಾಯಿಂದ ಅದೊಂದು ಮಾತು.

ಪ್ರೇಮಮ್ಮ ಡೈರಿಯ ಕ್ಯಾನನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದಳು, ಏಳಲಿಲ್ಲ.

“ಡಬ್ಬ ಕಿತ್ತೋರು ಅವ್ರು, ಒಪ್ಕಂತೀನಿ. ಹೊರೇಲಿ ಉಳ್ದ ಬದುವಿನ ಹುಲ್ಲಿನ ಮ್ಯಾಲೆ ಬೆಳ್ಳಗೆ ಉಪ್ಪು ಕಟ್ಟಿತ್ತಲ್ಲ, ಅದನ್ನ ಸುರ್ದೋರು ಯಾರಣ್ಣ?”

ಬಾಯ್ತುದಿಗೆ ಬಂದ ಬೈಗುಳ ಯಾರಿಗೆ ಸಲ್ಲಬೇಕೆಂದು ಅವನಿಗೇ ತಿಳಿಯಲಿಲ್ಲ. ಆ ಗಸಿ ಚೆಲ್ಲುವಾಗ ಅವನು ಏನನ್ನೂ ಯೋಚಿಸಿರಲಿಲ್ಲ. ಯಾವತ್ತೂ ಯೋಚಿಸಿರಲಿಲ್ಲ. ಡ್ರಮ್ಮು ಹಗುರಾಗಬೇಕು, ಅಷ್ಟೇ ಇತ್ತು.

“ನಿನ್ ಡಬ್ಬ ನಂಬ್ಕಂಡು ನಾವು ನಿನ್ನ ನೋಡ್ಲೇ ಇಲ್ಲ” ಎಂದಳು ಅವಳು. ಬೈದಿದ್ದರೆ ಅವನಿಗೆ ತಡೆದುಕೊಳ್ಳಲು ಆಗುತ್ತಿತ್ತು, ಬೈಗುಳ ಅವನಿಗೆ ಹೊಸದಲ್ಲ. ಇದು ಬೈಗುಳವಾಗಿರಲಿಲ್ಲ.

ಮರುದಿನ ಬೆಳಗ್ಗೆ ರಹಮತ್‌ಬೀ ಬಾಗಿಲು ತೆಗೆದವಳು ಕೂಗಿಕೊಂಡಳು. ಅವರ ಅಂಗಳದಲ್ಲಿ, ಪಂಪು ತೊಳೆಯುವ ಮೂಲೆಯಲ್ಲಿ, ಒಂದು ಗೂಟ ನಿಂತಿತ್ತು. ಅದರ ತಲೆಗೆ ಔಷಧಿ ಡಬ್ಬ, ಲಾಲ್‌ಸಾಬ ಸಿಕ್ಕಿಸುತ್ತಿದ್ದ ಹಾಗೆಯೇ ತಲೆಕೆಳಗಾಗಿ. ಕಾಲುವೆಯಲ್ಲಿ ಬಿದ್ದಿದ್ದನ್ನು ಆರಿಸಿ ತಂದಿದ್ದಿರಬೇಕು, ಕೆಸರು ಇನ್ನೂ ಹಸಿಯಾಗಿತ್ತು. ಬೀದಿಯಲ್ಲಿ ಹುಲ್ಲಿಗೆ ಹೊರಟ ಹೆಂಗಸರು ಅದನ್ನು ನೋಡಿ ರಸ್ತೆಯ ಆಚೆ ಬದಿಗೆ ಸರಿದು ನಡೆದರು.

ರಹಮತ್‌ಬೀ ಬಾಯಿಗೆ ಬಂದಂತೆ ಬೈಯುತ್ತ ಗೂಟಕ್ಕೆ ಕೈ ಹಾಕಿದಳು. ಒಳಗಿನಿಂದ ಬಂದ ಲಾಲ್‌ಸಾಬ ಅವಳ ಕೈ ಹಿಡಿದು ಎಳೆದ. ಯಾರೇ ಸಿಕ್ಕಿಸಿರಲಿ, ಹೊಸ ಹುಲ್ಲು ಹುಟ್ಟುವವರೆಗೆ ಇಳಿಸುವಂತಿಲ್ಲ, ಯಜಮಾನನೂ ಇಳಿಸುವಂತಿಲ್ಲ ಎಂದ. ಯಾವಾಗ ಹುಟ್ಟುತ್ತದೆ ಎಂದು ಅವಳು ಕೇಳಿದಳು. ಅವನು ಆ ಮೂಲೆಯ ಬೋಳು ನೆಲವನ್ನು ನೋಡುತ್ತ ನಿಂತ. ಅಲ್ಲಿ ಹುಲ್ಲು ಹುಟ್ಟಿ ಎಷ್ಟೋ ವರ್ಷಗಳಾಗಿದ್ದವು.