ಸೀಟಿ ಊದುವವರೆಗೆ

ಚೆಸಾಪೀಕ್ ಕೊಲ್ಲಿಯಲ್ಲಿ ಬಾತುಬೇಟೆ ಮಾಡಿಸುವ ಆರ್ವಿಲ್ ಮೆಸಿಕ್‌ಗೆ ಮೂವತ್ತು ವರ್ಷದಿಂದ ಒಂದೇ ಸಿಡುಕು: ಬಂದವರು ತೆಪ್ಪಗೆ ಮಲಗುವುದಿಲ್ಲ. ಆ ಬೆಳಿಗ್ಗೆಯೂ ಹಕ್ಕಿಗಳನ್ನು ಸೆಳೆಯಲು ತೇಲಬಿಟ್ಟ ಮರದ ಬಾತುಗಳ ನಡುವಿನ ಚಪ್ಪಟೆ ದೋಣಿಯಲ್ಲಿ ಬೇಟೆಗೆ ಬಂದಿದ್ದ ಪ್ರೆಂಟಿಸ್ ಮೇಷ್ಟ್ರನ್ನು ಮಲಗಿಸಿ, "ಹಕ್ಕಿ ಬಂದಾಗ ಸೀಟಿ ಊದ್ತೀನಿ. ಅಲ್ಲೀವರೆಗೂ ತಲೆ ಎತ್ತಿದ್ರೆ, ಬಾಯಿ ಬಿಟ್ರೆ ನೋಡಿ!" ಎಂದು ಗದರಿಸಿ, ತನ್ನ ದೋಣಿಯನ್ನು ದೂರ ಒಯ್ದ.

ಅಷ್ಟರಲ್ಲಿ ಮಂಜು ಕವಿಯಿತು. ಚಪ್ಪಟೆ ದೋಣಿ ಕಾಣಿಸಲಿಲ್ಲ. ಮೆಸಿಕ್ ಒಂದು ಗಂಟೆ ಸುತ್ತಿ ಸುತ್ತಿ ಕೂಗಿದ, ಉತ್ತರವಿಲ್ಲ. ಮುಳುಗಿಬಿಟ್ಟರೇ?

ಕೊನೆಗೆ ದೋಣಿಗೆ ದೋಣಿ ತಗುಲಿತು. ಮೇಷ್ಟ್ರು ನೆಟ್ಟಗೆ ಮಲಗಿದ್ದರು.

"ಕೂಗಿದ್ದು ಕೇಳಿಸ್ಲಿಲ್ವೇನ್ರೀ?"

ಮೇಷ್ಟ್ರು ಮೆಸಿಕ್‌ನ ಕೊರಳಲ್ಲಿ ನೇತಾಡುತ್ತಿದ್ದ ಸೀಟಿಯನ್ನು ಕಣ್ಣಲ್ಲೇ ತೋರಿಸಿ ಪಿಸುಗುಟ್ಟಿದರು: "ಚೆನ್ನಾಗೇ ಕೇಳಿಸ್ತು. ಈಗ ತಲೆ ಎತ್ಲಾ?"